ಅಕ್ಕನ ಹಿಮ್ಮಡಿಯ ಮಚ್ಚೆ

ಅಕ್ಕಾ,

ಎದ್ದ ಕೂಡಲೇ ಹಿಮ್ಮಡಿಯನ್ನು ನೆಲಕ್ಕೆ ಊರಬೇಡ, ಮಚ್ಚೆ ತೆಗೆದ ಜಾಗದ ಹೊಲಿಗೆ ಇನ್ನೂ ಹಸಿಯಾಗಿದೆ. ಸ್ನಾನಕ್ಕೆ ಹೋಗುವಾಗ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೋ. ನೀರು ತಾಗಿತು ಅಂತ ಆಮೇಲೆ ನನ್ನ ಮುಂದೆ ರಾಗ ಎಳೆಯಬೇಡ.

ನಿನ್ನ ಮಚ್ಚೆಯ ತೆಳು ಚೂರು ಅಂಟಿಸಿದ ಗಾಜಿನ ಸ್ಲೈಡನ್ನು, ನನಗೆ ಈ ಪರೀಕ್ಷೆಯ ಕೆಲಸ ಕಲಿಸಿದ ಮೇಡಂಗೆ ತೋರಿಸಲು ಹೊರಟಿದ್ದೇನೆ. ನನಗೇನೂ ಅನುಮಾನವಿಲ್ಲ, ಅದು ಕ್ಯಾನ್ಸರೇ. ನಿನ್ನೆ ಊಟಕ್ಕೆ ಕೂತಾಗ ಹೇಳಿದೆನಲ್ಲ, ನೀನು "ಸರಿ, ಮೊದಲು ಉಣ್ಣು" ಅಂದೆ. ನಾನೂ ಉಂಡೆ. ಆದರೂ ಸ್ವಂತ ಅಕ್ಕನ ವರದಿಗೆ ನಾನೊಬ್ಬಳೇ ಸಹಿ ಹಾಕುವುದು ಸರಿಯಲ್ಲ.

ಒಳ್ಳೆಯ ಮಾತೂ ಒಂದಿದೆ. ಅದು ಚರ್ಮದೊಳಗೆ ಆಳಕ್ಕೆ ಇಳಿದಿಲ್ಲ. ಸುತ್ತಲಿನ ಚರ್ಮವನ್ನು ಇನ್ನಷ್ಟು ಅಗಲವಾಗಿ ತೆಗೆಯಬೇಕು, ಅಷ್ಟೆ. ಸರ್ಜನ್ ಬೆಳಿಗ್ಗೆ ಫೋನ್ ಮಾಡುತ್ತಾರೆ, ಎತ್ತು. "ನನ್ನ ತಂಗೀನ ಕೇಳಿ" ಅಂತ ಜಾರಿಕೊಳ್ಳಬೇಡ. ಚಪ್ಪಲಿ ಉಜ್ಜಿ ಕಪ್ಪಾಗಿದೆ ಅಂತ ವರ್ಷವಿಡೀ ಜಾರಿಕೊಂಡಿದ್ದು ಸಾಕು.

ನನಗೇನೂ ಅನ್ನಿಸುತ್ತಿಲ್ಲ ಅಕ್ಕಾ. ಸ್ಲೈಡಿನ ಮೇಲೆ ನಿನ್ನ ಹೆಸರಿತ್ತು, ಮೈಕ್ರೋಸ್ಕೋಪಿನಡಿ ಅಂಕೆ ತಪ್ಪಿ ಬೆಳೆದ ಜೀವಕೋಶಗಳಿದ್ದವು, ಬೇರೆಯವರ ವರದಿ ಬರೆಯುವ ಹಾಗೇ ನಿನ್ನದನ್ನೂ ಬರೆದೆ. ದಿನಾ ಯಾರ್ಯಾರದೋ ಚರ್ಮ ನೋಡುತ್ತೇನೆ, ಒಬ್ಬರ ಮುಖವನ್ನೂ ಕಂಡಿಲ್ಲ. ಈಗ ಹೊರಡುವ ಮುಂಚೆ ನಿನ್ನ ಮುಖ ನೋಡೋಣ ಅಂತ ಕೋಣೆಯ ಬಾಗಿಲವರೆಗೆ ಬಂದೆ. ಒಳಗೆ ಕಾಲಿಡಲಾಗಲಿಲ್ಲ.

ಹಾಲು ಕಾಯಿಸಿಟ್ಟಿದ್ದೇನೆ. ಸಂಜೆ ಬೇಗ ಬರುತ್ತೇನೆ. ಬಂದ ಮೇಲೆ ಬಹುಶಃ ಅಳುತ್ತೇನೆ. ಆಗ ಸಮಾಧಾನ ಮಾಡಲು ಎದ್ದು ಓಡಿ ಬರಬೇಡ. ಕೂತಲ್ಲೇ ಇರು, ನಾನೇ ಹತ್ತಿರ ಬರುತ್ತೇನೆ.

ನಿನ್ನ ಮೊಂಡಿ