ಇಪ್ಪತ್ಮೂರು ಬೆಲ್ಟು

ಜೂನ್ 3, ಮಂಗಳವಾರ

ಬೆಳಿಗ್ಗೆಯಿಂದ ಚೀಲದ ಪಟ್ಟಿ ಪೋಣಿಸುವ ಡಿ ರಿಂಗ್ ಆರಿಸುವುದೇ ಆಯಿತು. ಬೆಸುಗೆ ಇದ್ದದ್ದು ಒಂದು ಡಬ್ಬಿಗೆ, ಬಾಯಿ ಬಿಟ್ಟದ್ದು ಇನ್ನೊಂದಕ್ಕೆ. ಬಾಯಿ ಬಿಟ್ಟ ರಿಂಗು ಪರ್ಸಿಗೆ ನಡೆಯುತ್ತದೆ. ಹೆಗಲ ಚೀಲಕ್ಕೆ ಹಾಕಿದರೆ ಭಾರಕ್ಕೆ ಬಾಯಿ ಅಗಲವಾಗಿ ಪಟ್ಟಿ ಜಾರುತ್ತದೆ. ಅಪ್ಪ ಕಲಿಸಿದ್ದು. ಅವನು ಚರ್ಮದಲ್ಲಿ ಮಾಡಿದ, ನಾನು ರೆಕ್ಸಿನ್ನಿನಲ್ಲಿ ಮಾಡುತ್ತೇನೆ.

ತಿರುಗುವ ಹುಕ್ಕುಗಳಲ್ಲಿ ಒಂಬತ್ತು ವಾಪಸ್. ತಲೆ ಅಲ್ಲಾಡುತ್ತವೆ.

ಶಾಲೆ ಶುರುವಾಗಿದೆ, ಬೈಕ್ ಬೆಲ್ಟಿಗೆ ಗಿರಾಕಿ ಬರುತ್ತಿದ್ದಾರೆ. ಹಿಂದೆ ಕೂತ ಮಗುವಿಗೆ ಅಂಗಿಯ ಹಾಗೆ ತೊಡಿಸಿ, ಗಾಡಿ ಓಡಿಸುವವರ ಹೊಟ್ಟೆಯ ಮುಂದೆ ಬಕಲ್ ಹಾಕುವುದು. ನೀಲಿ ಬಟ್ಟೆ, ಕೆಂಪು ಅಂಚು. ಪೂರಾ ನನ್ನ ಐಡಿಯಾ. ತಮ್ಮ ಗುರುನಾಥ ಮೊದಲು ನಕ್ಕಿದ್ದ. ಈಗ ಅಂಗಡಿ ಮುಂದೆ ಅದನ್ನೇ ತೂಗುಹಾಕಿದ್ದಾನೆ.

ಬಕಲ್ ಎರಡು ಥರ ಬಂದಿತ್ತು. ಬೂದು ಬಣ್ಣದ್ದು ಬಿಗಿ. ಬಿಚ್ಚಲು ಹೆಬ್ಬೆರಳು ನೋಯುತ್ತದೆ, ಸದ್ದಿಲ್ಲ. ಕಪ್ಪು, ಹೊಳೆಯುವುದು — ಹಾಕಿದ ಕೂಡಲೇ ಟಕ್! ಗಿರಾಕಿ ಮುಖದಲ್ಲಿ ನಗು. ಕಪ್ಪನ್ನೇ ಆರಿಸಿದೆ.

ಜೂನ್ 5, ಗುರುವಾರ

ಒಂದೇ ದಿನ ನಾಲ್ಕು ಬೆಲ್ಟ್. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಎದ್ದರೆ ಮತ್ತೆ ಕೂರಲಾಗುವುದಿಲ್ಲ, ಕೂತರೆ ಏಳಲಾಗುವುದಿಲ್ಲ. ಅವ್ವ ಬೈದಳು — "ರೇಣು, ಆ ಮಿಷನ್ನರೆ ತಣ್ಣಗಾಗಲಿ ಬಿಡು. ನಿನ್ನ ಕೈಗೆ ಇರುವಿ ಹತ್ತ್ಯಾವೇನ?"

ಹತ್ತಿವೆ. ಸುಮ್ಮನಿದ್ದರೆ ಬೆರಳು ತಾವೇ ಏನಾದರೂ ಜಗ್ಗುತ್ತಿರುತ್ತವೆ.

ರಾಮದುರ್ಗದ ಕಡೆಯವನೊಬ್ಬ ಮಳೆಯಲ್ಲಿ ಬಂದ. ಹಳದಿ ರೇನ್‌ಕೋಟು, ಹೆಗಲ ಮೇಲೆ ಹುಡುಗ. ಬೆಲ್ಟ್ ಕೊಂಡು ಅಲ್ಲಿಯೇ ತೊಡಿಸಿಕೊಂಡು ಹೋದ. ಹೆಸರು ಕೇಳಲಿಲ್ಲ.

ಜೂನ್ 17, ಮಂಗಳವಾರ, ಸಂಜೆ 5

ಬರೆದರೆ ಕೈ ನಿಲ್ಲುತ್ತದೇನೋ ನೋಡೋಣ.

ಮೂರು ಗಂಟೆಗೆ ಒಬ್ಬರು ಬಂದರು. ಮೂವತ್ತರ ಆಸುಪಾಸು. ಸವದತ್ತಿ ತಾಲೂಕಿನ ಚಚಡಿಯವರು. ಹೆಸರು ಸುಭಾಸ. ಕೈಯಲ್ಲಿ ನಮ್ಮ ಬೆಲ್ಟ್, ಕೆಂಪು ಅಂಚಿಗೆ ಮಣ್ಣು.

"ಇದು ನಿಮ್ಮ ಅಂಗಡೀದ ಹೌದಲ್ರಿ?"

"ಹೌದ್ರಿ. ರಿಪೇರಿ ಐತೇನ್ರಿ?"

"ರಿಪೇರಿ ಅಲ್ರಿ. ನನ್ನ ಮಗಳು ಬಿದ್ದಾಳ."

ಬೆಲ್ಟನ್ನು ಟೇಬಲ್ ಮೇಲೆ ಇಟ್ಟರು. ಬಕಲ್ಲಿನ ಒಂದು ಹಲ್ಲು ಬುಡದಲ್ಲೇ ಮುರಿದಿತ್ತು.

"ನಿನ್ನೆ ಸಾಲಿಗೆ ಬಿಡಾಕ ಹೊಂಟಿದ್ದೆ. ಜೋರ ಏನ್ ಇದ್ದಿಲ್ರಿ. ಹಂಪ್ ಬಂತು. ಹೊಟ್ಟಿ ಮ್ಯಾಲಿನ ಬಿಗಿ ಒಮ್ಮಿಲೇ ಸಡ್ಲ ಆತು. ಹೊಳ್ಳಿ ನೋಡೂದ್ರಾಗ ಮಧು ರಸ್ತೇದಾಗ ಬಿದ್ದಿದ್ಲು."

ನಾಲ್ಕು ವರ್ಷದ ಹುಡುಗಿ. ಕೊರಳ ಹತ್ತಿರದ ಎಲುಬು ಮುರಿದಿದೆ. ಹಣೆಗೆ ಐದು ಹೊಲಿಗೆ. ಜೀವಕ್ಕೇನೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ.

ಬೈಯಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿದರು.

"ಮೊದ್ಲೆಲ್ಲ ನನ್ನ ಒಂದ ಕೈ ಹಿಂದ ಇರತಿತ್ರಿ, ಆಕೀ ಮ್ಯಾಲೆ. ಬೆಲ್ಟ ತಗೊಂಡ ಮ್ಯಾಲೆ ತಗದಬಿಟ್ಟಿದ್ದೆ."

ಇಷ್ಟೇ. ಹೋದರು.

ಜೂನ್ 18, ಬುಧವಾರ

ಜಂತಿಗೆ ಹಗ್ಗ ಕಟ್ಟಿದೆ. ಹಗ್ಗಕ್ಕೆ ಬಕಲ್, ಬಕಲ್ಲಿಗೆ ಹದಿನೈದು ಕಿಲೋ ಜೋಳದ ಚೀಲ. ಮಗುವಿನ ತೂಕ. ಕಪ್ಪು ಬಕಲ್ ತಡೆಯಿತು. ಅರ್ಧ ತಾಸು ತಡೆಯಿತು. ಒಂದು ಕ್ಷಣ ಹಗುರಾಯಿತು ಎದೆ — ನನ್ನದಲ್ಲ ತಪ್ಪು, ಅವರೇ ಸರಿಯಾಗಿ ಹಾಕಿರಲಿಕ್ಕಿಲ್ಲ...

ಆಮೇಲೆ ಹಂಪ್ ನೆನಪಾಯಿತು. ಚೀಲವನ್ನು ಒಂದು ಗೇಣು ಮೇಲಕ್ಕೆತ್ತಿ ಬಿಟ್ಟೆ. ಒಂದು. ಎರಡು. ಮೂರನೆಯದಕ್ಕೆ ಹಲ್ಲು ಮುರಿದು ಚೀಲ ಕೆಳಗೆ. ಜೋಳ ಮನೆ ತುಂಬ.

ಉಳಿದಿದ್ದ ಆರು ಕಪ್ಪು ಬಕಲ್ಲನ್ನೂ ನೋಡಿದೆ. ನಾಲ್ಕು ಮುರಿದವು. ಬೂದು ಬಣ್ಣದ್ದನ್ನು ನಲವತ್ತು ಸಲ ಬೀಳಿಸಿದೆ. ಏನೂ ಆಗಲಿಲ್ಲ.

ಬಕಲ್ ಆರಿಸುವಾಗ ಜಗ್ಗಿ ನೋಡಲೇ ಇಲ್ಲ. ರಿಂಗಿಗೆ ಬೆಸುಗೆ ನೋಡುತ್ತೇನೆ, ಹುಕ್ಕಿನ ತಲೆ ಅಲ್ಲಾಡಿಸುತ್ತೇನೆ. ಚೀಲದೊಳಗಿನ ತರಕಾರಿಗೆ ಅಷ್ಟು ಜಾಗ್ರತೆ. ಇದಕ್ಕೆ ಬರೀ ಕಿವಿಗೊಟ್ಟು ಕೇಳಿ, ಚೆಂದ ಇದೆ ಅಂದೆ.

ಮಾರಿದ್ದು ಇಪ್ಪತ್ಮೂರು. ಒಂದು ಮುರಿಯಿತು. ಇಪ್ಪತ್ತೆರಡು ಈ ಹೊತ್ತು ಯಾವ್ಯಾವುದೋ ರಸ್ತೆಯ ಮೇಲೆ.

ಜೂನ್ 19, ಗುರುವಾರ

ಗುರುನಾಥನಿಗೆ ಹೇಳಿದೆ — ಎಲ್ಲವನ್ನೂ ವಾಪಸ್ ತರಬೇಕು.

"ಯಾರೂ ಕೇಳಿಲ್ಲ, ನಾವಾಗೇ ಹೋಗಿ ನಮ್ಮ ಮಾಲ್ ಖರಾಬ್ ಐತಿ ಅಂತ ಹೇಳೂದ?"

"ಹೂಂ."

"ಅಕ್ಕಾ, ಅಪ್ಪಗ ಈ ಪ್ಯಾಟ್ಯಾಗ ಹೆಸರ ಹಿಡದ ಕರಿಯೋರ ಇದ್ದಿಲ್ಲ. ಚಪ್ಲಿ ಹೊಲಿಯಾವ ಅಂತಿದ್ರು. ಈಗ ರೇಣು ಬ್ಯಾಗ್ಸ್ ಅಂತ ಬೋರ್ಡ ನೋಡಿ ಬರತಾರ. ಒಂದ್ಸಲ ಹೆಸರ ಹೋದ್ರ ಬರಂಗಿಲ್ಲ."

ಸುಳ್ಳಲ್ಲ ಅವನು ಹೇಳಿದ್ದು. ಅದಕ್ಕೇ ಸಿಟ್ಟು ಬಂತು.

"ಇನ್ನೊಂದ ಕೂಸ ಬಿದ್ರ ಆ ಬೋರ್ಡ ನೀನ ಇಳಸ್ತಿ," ಅಂದೆ.

ಅವ್ವ ಮೂಲೆಯಲ್ಲಿ ಜೋಳ ಆರಿಸುತ್ತಿದ್ದಳು. ನಿನ್ನೆಯ ಜೋಳ, ಕಸ ಕೂಡಿಕೊಂಡಿತ್ತು. ತಲೆ ಎತ್ತದೆ ಕೇಳಿದಳು — "ಯಾ ಬಸ್ಸಿಗೆ ಹೋಗ್ತಿ?"

ಹನ್ನೊಂದು ಜನರ ಫೋನ್ ನಂಬರ್ ಇತ್ತು. ಎಲ್ಲರಿಗೂ ಹಚ್ಚಿದೆ. ಎಂಟು ಜನ ತಂದುಕೊಡುತ್ತೇವೆ ಅಂದರು. ಮೂವರು ಎತ್ತಲಿಲ್ಲ. ಉಳಿದವರ ಹೆಸರು, ಊರು ನೆನಪಿದ್ದಷ್ಟು ಬರೆದುಕೊಂಡೆ.

ಜೂನ್ 22, ಭಾನುವಾರ

ಸಂಗೊಳ್ಳಿ. ಬಸಲಿಂಗಪ್ಪನವರ ಮನೆ ಹುಡುಕಲು ತ್ರಾಸಾಗಲಿಲ್ಲ. ಮೊಮ್ಮಗನಿಗೆಂದು ಒಯ್ದಿದ್ದರು. ಅಂಗಳದ ಗಾಡಿಯಲ್ಲಿ ಬೆಲ್ಟ್ ಕಂಡೇ ಕಂಡಿತು — ಹಾಲಿನ ಕ್ಯಾನಿಗೆ ಬಿಗಿದಿದ್ದರು!

"ಹುಡುಗ ಕಟಗೊಳ್ಳಾಕ ಒಲ್ಲೆ ಅಂದ. ಕ್ಯಾನರೆ ಗಟ್ಯಾಗಿ ಕುಂತಿರತೈತಿ ಅಂತ ಕಟ್ಟೇನಿ. ಯಾಕವಾ, ಏನಾತು?"

ಹೇಳಿದೆ. ಕ್ಯಾನಿನಿಂದ ಬಿಚ್ಚಿ ಕೊಟ್ಟರು. ಬೂದು ಬಕಲ್ಲಿನದು ಕೊಟ್ಟೆ. ಬಿಚ್ಚಲು ಬಾರದೆ ಎರಡೂ ಕೈ ಹಾಕಿ ಒದ್ದಾಡಿದರು. ನಾನು ತೋರಿಸಿದೆ. ಚಹಾ ಕುಡಿಯದೆ ಬಿಡಲಿಲ್ಲ. ನಾನು ಮಾತ್ರ ಬಸ್ಸಿನ ಹಾದಿ ನೋಡುತ್ತಲೇ ಕುಡಿದೆ.

ಒಂದರ ಭಾರ ಇಳಿಯಿತು. ಬಕಲ್ ಮುರಿದಿದ್ದರೂ ಚೆಲ್ಲುತ್ತಿದ್ದದ್ದು ಹಾಲು ತಾನೆ.

ಜೂನ್ 24, ಮಂಗಳವಾರ

ಕಿತ್ತೂರು. ಅನ್ನಪೂರ್ಣಾ ಎಂಬವರ ಮನೆ. ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡರು. ಒಳಗೆ ಅವಳಿ ಹೆಣ್ಣುಮಕ್ಕಳು ಏನೋ ಕಿತ್ತಾಡುತ್ತಿದ್ದವು.

"ಮೂರ ವಾರ ಆತ ಎರಡನ್ನೂ ಇದರಾಗ ಕಟಗೊಂಡ ಹೋಗಾಕಹತ್ತಿ. ಮೂರ ವಾರ! ಮಾರೂ ಮುಂದ ನೋಡಬೇಕಾಗಿತ್ತಿಲ್ಲೋ?"

"ನೋಡಬೇಕಾಗಿತ್ತ್ರಿ."

"ನೋಡಬೇಕಾಗಿತ್ತ್ರಿ ಅಂದ್ರ?"

ಚೀಲದಿಂದ ಹೊಸ ಬೆಲ್ಟ್ ಎರಡು ತೆಗೆದು ಹಿಡಿದು ನಿಂತೆ. ಅವರು ಒಳಗೆ ಹೋಗಿ ಎರಡೂ ಬೆಲ್ಟ್ ತಂದು ನನ್ನ ಕಾಲ ಬಳಿ ಒಗೆದರು. ಹೊಸದನ್ನು ಮುಟ್ಟಲಿಲ್ಲ. ಬಾಗಿಲು ಹಾಕಿಕೊಂಡರು. ಎತ್ತಿಕೊಂಡು ಬಂದೆ.

ಬಸ್ಸಿನಲ್ಲಿ ಎರಡನ್ನೂ ಜಗ್ಗಿ ಜಗ್ಗಿ ನೋಡಿದೆ. ಒಂದರ ಹಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕು. ಪಕ್ಕದಲ್ಲಿ ಕೂತವರು ಏನಾತ್ರಿ ಎಂದು ಕೇಳಿದರು. ಅಳುತ್ತಿದ್ದೆ ಎಂದು ಆಗಲೇ ಗೊತ್ತಾದದ್ದು.

ಜುಲೈ 2, ಬುಧವಾರ

ಹೊಸ ಬೆಲ್ಟಿಗೆ ಬೂದು ಬಕಲ್ ಒಂದೇ ಸಾಲದು ಅನ್ನಿಸುತ್ತಿದೆ. ಅದೂ ಪ್ಲಾಸ್ಟಿಕ್ಕೇ. ಬಕಲ್ಲಿನ ಹಿಂದೆ ಇನ್ನೊಂದು ಪಟ್ಟಿ ಹೊಲಿದೆ. ಬೆಸುಗೆಯ ಉಕ್ಕಿನ ರಿಂಗಿನಲ್ಲಿ ಹಾಯ್ದು ಹುಕ್ಕಿಗೆ ಬೀಳುತ್ತದೆ. ಒಂದು ಬಿಟ್ಟರೂ ಇನ್ನೊಂದು ಹಿಡಿಯಬೇಕು. ಮೊದಲಿನ ಹುಕ್ಕು ಜಗ್ಗಿದಾಗ ತಿರುಗಿ ತಾನೇ ಬಿಚ್ಚಿಕೊಂಡಿತು. ತೆಗೆದೆ. ಬಾಯಿಗೆ ಸ್ಪ್ರಿಂಗ್ ಇದ್ದ ಹುಕ್ಕು ಹಾಕಿದೆ. ನೂರು ಸಲ ಬೀಳಿಸಿದೆ. ಅವ್ವ ಎಣಿಸಿದಳು. ತೊಂಬತ್ತರ ಹತ್ತಿರ ಲೆಕ್ಕ ತಪ್ಪಿದಳು, ಮತ್ತೆ ಒಂದರಿಂದ.

ನೋಡಲು ಚೆಂದವಿಲ್ಲ. ಎತ್ತಿನ ಮೂಗುದಾರದ ಹಾಗಿದೆ ಅಂದ ಗುರುನಾಥ.

ಬದಲಾಯಿಸಿಕೊಂಡು ಹೋದವರಿಗೆಲ್ಲ ಮತ್ತೆ ಫೋನ್ ಮಾಡಬೇಕು, ಇದನ್ನೂ ಸೇರಿಸಿ ಕೊಡಲು. ಅವನು ಹಣೆ ಹಣೆ ಚಚ್ಚಿಕೊಂಡ. ಆದರೆ ಫೋನ್ ಎತ್ತಿಕೊಂಡು ಹೊರಗೆ ಹೋಗಿ ಅವನೇ ಒಬ್ಬೊಬ್ಬರಿಗೆ ಹಚ್ಚತೊಡಗಿದ.

ಇಪ್ಪತ್ತೊಂದು ಕೈಗೆ ಬಂದವು. ಉಳಿದದ್ದು ಒಂದು. ಹಳದಿ ರೇನ್‌ಕೋಟು.

ಜುಲೈ 8, ಮಂಗಳವಾರ

ರಾಮದುರ್ಗದಲ್ಲಿ ಬೆಳಿಗ್ಗೆ ಎಂಟರಿಂದ ಶಾಲೆಯೊಂದರ ಗೇಟಿನಲ್ಲಿ ನಿಂತೆ. ಬಂದ ಬೈಕನ್ನೆಲ್ಲ ನೋಡಿದೆ. ತಂದೆಯ ಬೆನ್ನಿಗೆ ಮುಖ ಒತ್ತಿ ಕೂತ ಮಕ್ಕಳು, ಟ್ಯಾಂಕಿನ ಮೇಲೆ ಕೂತವು, ಮೂರು ಮೂರು ಒಟ್ಟಿಗೆ. ನೀಲಿ ಬೆಲ್ಟ್ ಕಾಣಲಿಲ್ಲ. ವಾಚ್‌ಮನ್ ಎರಡು ಸಲ ಬಂದು ಯಾರ ಮಗು ಎಂದು ಕೇಳಿದ. ಯಾರದೂ ಅಲ್ಲ ಅಂದದ್ದಕ್ಕೆ ಅನುಮಾನದಿಂದ ನೋಡಿದ.

ಮಧ್ಯಾಹ್ನ ಇನ್ನೊಂದು ಶಾಲೆ.

ನಾಳೆಯೂ ಬರಬೇಕು. ಆದರೆ ಇವತ್ತು ಈ ಹೊತ್ತಿಗೆ ಅವನು ಎಲ್ಲಿ ಗಾಡಿ ಓಡಿಸುತ್ತಿದ್ದಾನೋ...

ಜುಲೈ 10, ಗುರುವಾರ

ಚೀಟಿ ಅಚ್ಚು ಹಾಕಿಸಿದೆ. "ನೀಲಿ ಬಟ್ಟೆ, ಕೆಂಪು ಅಂಚಿನ ಮಕ್ಕಳ ಬೈಕ್ ಬೆಲ್ಟ್ ಬಳಸಬೇಡಿ. ಬಕಲ್ ಮುರಿಯುತ್ತದೆ. ಬೇರೆ ಕೊಡುತ್ತೇವೆ." ಕೆಳಗೆ ನನ್ನ ಹೆಸರು, ನಂಬರು.

ರಾಮದುರ್ಗದ ಬಸ್ ಹತ್ತಿ ಕೂತರೆ ಗುರುನಾಥ ಬಂದು ಪಕ್ಕದಲ್ಲಿ ಕೂತ. ಕೈಯಲ್ಲಿ ಅಂಟಿನ ಡಬ್ಬಿ.

"ನೀ ಯಾಕ?"

"ಮ್ಯಾಲೆ ಹಚ್ಚಾಕ ನಿನ್ನ ಕೈ ನಿಲಕಂಗಿಲ್ಲ."

ಚೀಟಿ ಒಂದನ್ನು ತೆಗೆದು ಓದಿದ. ಜೇಬಿನಿಂದ ಪೆನ್ನು ತೆಗೆದು ನನ್ನ ಹೆಸರಿನ ಪಕ್ಕ ಅಂಗಡಿಯ ಹೆಸರು ಬರೆದ. ಎಲ್ಲ ಚೀಟಿಗೂ ಬರೆದ, ಬಸ್ಸಿನ ಕುಲುಕಾಟದಲ್ಲಿ ಅಕ್ಷರ ಓರೆಕೋರೆ. ನಾನು ಕಿಟಕಿ ಕಡೆ ತಿರುಗಿದೆ.

ಜುಲೈ 14, ಸೋಮವಾರ, ಬೆಳಿಗ್ಗೆ 11

ಫೋನ್ ಬಂತು.

"ಬೆಲ್ಟಿಂದು ಚೀಟಿ ಹಚ್ಚಿದವರ ನೀವೇನ್ರಿ? ನಾ ಸಿದ್ಧಾರೂಢ ಅಂತ, ರಾಮದುರ್ಗದಿಂದ. ನಿಮ್ಮಲ್ಲೇ ತಗೊಂಡಿದ್ದೆ, ಮಳ್ಯಾಗ ಬಂದಿದ್ದೆ ನೋಡ್ರಿ."

"ಹುಡುಗ ಹ್ಯಾಂಗದಾನ್ರಿ?"

"ಅವಗೇನಾಗೇತ್ರಿ, ಆರಾಮ ಅದಾನ. ಇವತ್ತೂ ಅದರಾಗ ಕಟಗೊಂಡ ಸಾಲಿಗೆ ಹೋಗ್ಯಾನ."

ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆಯೇ ಕೂತೆ. ಮಧ್ಯಾಹ್ನ ಕರೆತರುವಾಗ ಹಾಕಬೇಡಿ, ಮುಂದೆ ಕೂಡ್ರಿಸಿಕೊಂಡು ಬರ್ರಿ ಎಂದು ಮೂರು ಸಲ ಹೇಳಿದೆ. ಮೂರು ಸಲವೂ ಆಯ್ತು ಅಂದರು. ಹೊಸ ಬೆಲ್ಟ್ ತೆಗೆದುಕೊಂಡು ಗುರುನಾಥ ಸಿಕ್ಕ ಬಸ್ಸಿಗೆ ಹೊರಟ.

ಎಲ್ಲ ಸಿಕ್ಕವು. ಈಗಲಾದರೂ ಸುಮ್ಮನೆ ಕೂರಬೇಕಲ್ಲ? ಮಿಷನ್ ಒರೆಸಿದೆ, ದಾರದ ಉಂಡೆ ಜೋಡಿಸಿದೆ, ಮತ್ತೆ ಕೆಡಿಸಿದೆ.

ಸಂಜೆ 4. ಒಂದೇ ಒಂದು ಮನೆಗೆ ಹೋಗಿಲ್ಲ. ಸಂಗೊಳ್ಳಿಗೆ ಹೋದೆ, ಕಿತ್ತೂರಿಗೆ, ರಾಮದುರ್ಗಕ್ಕೆ ಎಷ್ಟೋ ಸಲ. ಸವದತ್ತಿಯಲ್ಲಿ ಬಸ್ಸು ಬದಲಿಸುವಾಗೆಲ್ಲ ಚಚಡಿಯ ಬೋರ್ಡ್ ಕಂಡಾಗ ತಲೆ ಬೇರೆ ಕಡೆ ತಿರುಗಿಸಿದೆ.

ಜುಲೈ 27, ಭಾನುವಾರ, ಚಚಡಿ, ಬೆಳಿಗ್ಗೆ 10.40

ಸುಭಾಸರ ಮನೆಯ ಎದುರು, ಊರ ಹಳೆಯ ವಾಡೆಯ ಗೋಡೆಯ ಪಕ್ಕದ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಬೇಕು.

ಸುಭಾಸ ಮನೆಯಲ್ಲೇ ಇದ್ದರು. ಹೆಂಡತಿ ವಿಜಯ ನನ್ನನ್ನು ನೋಡಿ, ಯಾರೆಂದು ತಿಳಿದು, ಒಳಗೆ ಹೋದಳು. ಇನ್ನು ಬರುವುದಿಲ್ಲ ಅಂದುಕೊಂಡೆ. ನೀರಿನ ತಂಬಿಗೆ ತಂದಳು.

"ತಪ್ಪ ನಂದ್ರಿ," ಅಂದೆ. "ಬಕಲ್ ಆರಿಸಿದಾಕಿ ನಾನು. ಜಗ್ಗಿ ನೋಡಿದ್ದಿಲ್ಲ."

ಸುಭಾಸ ಹೇಳಿದರು — "ಎಲ್ಲಾರ ಕಡೆ ಹೋಗಿ ಇಸಕೊಂಡ ಬಂದ್ರಂತ. ನಿಮ್ಮ ತಮ್ಮ ಫೋನ್ ಮಾಡಿದ್ದ್ರಿ."

ಗುರುನಾಥ ನನಗೆ ಹೇಳಿರಲಿಲ್ಲ.

ಮಧು ಬಾಗಿಲ ಹಿಂದಿನಿಂದ ನೋಡುತ್ತಿದ್ದಳು. ಹಣೆಯ ಮೇಲೆ ಗುಲಾಬಿ ಗೆರೆ. ತೋಳಿನ ಜೋಳಿಗೆ ಹೋದ ವಾರ ತೆಗೆದಿದ್ದಾರಂತೆ. ಬಿದ್ದ ದಿನದಿಂದ ಗಾಡಿ ಹತ್ತಿಲ್ಲ, ಅಪ್ಪ ದಿನಾ ಎತ್ತಿಕೊಂಡು ನಡೆದೇ ಶಾಲೆಗೆ ಬಿಡುತ್ತಾರೆ. ನಾನು ಹೊಸ ಬೆಲ್ಟ್ ನೆಲದ ಮೇಲೆ ಇಟ್ಟೆ. ಅವಳೇ ಬಂದು ಹುಕ್ಕು ಹಿಡಿದು ಜಗ್ಗಿದಳು. ಬಿಚ್ಚಲಿಲ್ಲ. ಕಾಲು ಕೊಟ್ಟು ಜಗ್ಗಿದಳು.

"ಅವ್ವಾ, ಇದು ಬರವಲ್ದು."

"ಬರಬಾರದ ಅದು," ಅಂದಳು ವಿಜಯ. ಆಮೇಲೆ ನನಗೆ — "ನೀವ ಕಟ್ರಿ. ನನ್ನ ಕೈಲಿ ಆಗೂದಿಲ್ಲ."

ಕಟ್ಟಿದೆ. ಬಕಲ್, ಹಿಂದಿನ ಪಟ್ಟಿ, ರಿಂಗು, ಹುಕ್ಕು. ಜಗ್ಗಿದೆ. ಮತ್ತೆ ಜಗ್ಗಿದೆ. ಸುಭಾಸ ಗಾಡಿ ಚಾಲೂ ಮಾಡಿದರು. ನನ್ನ ಕೈ ಪಟ್ಟಿಯ ಮೇಲೆಯೇ ಇತ್ತು.

"ಬಿಡ್ರಿ ಅಕ್ಕಾ," ಅಂದಳು ವಿಜಯ.

ಶಾಲೆಯವರೆಗೆ ಹೋಗಿ ಬರುತ್ತೇವೆ ಎಂದು ಹೋಗಿದ್ದಾರೆ. ಹಂಪ್ ಇರುವುದೂ ಆ ದಾರಿಯಲ್ಲೇ. ಹೋಗುವಾಗ ಸುಭಾಸರ ಎಡಗೈ ಹಿಂದೆ ಮಗಳ ಮೊಣಕಾಲ ಮೇಲಿತ್ತು. ಇರಲಿ, ಇರಲೇಬೇಕು. ವಿಜಯ ಬಾಗಿಲಲ್ಲೇ ನಿಂತಿದ್ದಾಳೆ. ನಾನೂ ಅವಳೂ ಒಂದೇ ತಿರುವನ್ನು ನೋಡುತ್ತಿದ್ದೇವೆ.

10.52. ಗಾಡಿಯ ಸಪ್ಪಳ. ಅವರದೇ. ಮಧು ಏನೋ ಕೂಗುತ್ತಿದ್ದಾಳೆ, ಅಳುತ್ತಿದ್ದಾಳೇನೋ... ಅಲ್ಲ, ಈಗ ಸರಿಯಾಗಿ ಕೇಳಿತು — "ಅಪ್ಪಾ, ಇನ್ನೊಂದ ಸುತ್ತ! ಇನ್ನೊಂದ ಸುತ್ತ!"

ವಿಜಯ ನಗುತ್ತಿದ್ದಾಳೆ. ಗಾಡಿ ನಿಲ್ಲಲಿಲ್ಲ, ನನ್ನ ಮುಂದೆಯೇ ಹಾದು ಮತ್ತೆ ಅದೇ ತಿರುವಿಗೆ ಹೊರಳಿತು.