ನಡುಗದ ಗೆರೆ

ಮಾರ್ಚ್ 3, ಬೆಳಿಗ್ಗೆ 11

ಹದಿನೇಳನೇ ಫ್ರೇಮ್. ಹಿಂದಿನ ಚಿತ್ರ ಮಸುಕಾಗಿ ಕಾಣುತ್ತದೆ, ಅದರ ಮೇಲೆ ಮುಂದಿನದು. ನಮ್ಮ ಅನಿಮೇಷನ್ ಸಿನಿಮಾದಲ್ಲಿ ಮುದುಕನೊಬ್ಬ ಗೋಡೆ ಮೇಲೆ ‘ಅ’ ಬರೆಯುವ ಶಾಟ್. ಮೂರು ಸೆಕೆಂಡಿಗೆ ಮೂವತ್ತಾರು ಚಿತ್ರ. ಕೈ ನಡುಗಬೇಕು. ಎಷ್ಟು ಅಂತ ಯಾರೂ ಹೇಳಿಕೊಡಬೇಕಿಲ್ಲ... ಮನೆಯಲ್ಲಿ ಅಪ್ಪನದನ್ನು ದಿನಾ ನೋಡುತ್ತೇನೆ. ನಲವತ್ತು ವರ್ಷ ಅಂಗಡಿ ಬೋರ್ಡ್ ಬರೆದ ಕೈ. ಈಗ ಲೋಟ ಹಿಡಿದರೂ ತುಳುಕುತ್ತದೆ.

ಮಾರ್ಚ್ 4

ಸ್ಮೂತ್ ಸಾಹೇಬ ಬಂದ. ನಮ್ಮ ಡೈರೆಕ್ಟರ್. ಬಾಯಿ ತೆಗೆದರೆ ಅದೊಂದೇ ಮಾತು.

“ಏನಮ್ಮ ಇದು, ಎರರ್ ಥರ ಇದೆ. ಸ್ಮೂತ್ ಮಾಡು.”

“ಸರ್, ವಯಸ್ಸಾದೋರ ಕೈ ನಡುಗುತ್ತೆ.”

“ನಡುಗೋ ಕೈ ನೋಡೋಕೆ ಯಾರು ಬರ್ತಾರೆ?”

ನನ್ನ ಟ್ಯಾಬ್ಲೆಟ್ ಕಿತ್ತುಕೊಂಡು ಸ್ಟೆಬಿಲೈಸರನ್ನು ನೂರಕ್ಕೆ ಏರಿಸಿದ. ಇನ್ನು ಪೆನ್ ಎಷ್ಟೇ ಅಲುಗಲಿ, ಸಾಫ್ಟ್‌ವೇರ್ ಗೆರೆಯನ್ನು ನುಣುಪು ಮಾಡಿಬಿಡುತ್ತದೆ. ಮುಖಕ್ಕೆ ಉಗಿಯಬೇಕಿತ್ತು. “ಸರಿ ಸರ್” ಅಂದೆ. ಥೂ ನನ್ನ ಜನ್ಮಕ್ಕೆ!

ಮಾರ್ಚ್ 6, ಭಾನುವಾರ

ಮನೆಯಲ್ಲೇ ಕೆಲಸ. ಅಪ್ಪ ಊಟ ಮಾಡುವಾಗ ಮೊಬೈಲಿನಲ್ಲಿ ಕೈಯ ವಿಡಿಯೊ ತೆಗೆಯುತ್ತಿದ್ದೆ. ಸಿಕ್ಕಿಬಿದ್ದೆ.

“ನನ್ನ ಕೈ ನಿಂಗೆ ತಮಾಷೆನಾ?”

“ಇಲ್ಲಪ್ಪ, ಆಫೀಸಲ್ಲಿ ತೋರ್ಸೋಕೆ—”

“ಡಂಗುರ ಹೊಡ್ಸು, ಎಲ್ರೂ ನೋಡ್ಲಿ!”

ತಟ್ಟೆ ತಳ್ಳಿ ಎದ್ದ.

ಮಾರ್ಚ್ 10

ನಾಲ್ಕು ದಿನದಿಂದ ನಡುಕದ ಹೊಸ ಮಾತ್ರೆಯನ್ನೂ ಅಪ್ಪ ನನ್ನ ಕೈಯಿಂದ ತಗೊಂಡಿಲ್ಲ. ಇವತ್ತು ಸ್ನಾನ ಮುಗಿಸಿ ಬಂದರೆ ಅಪ್ಪ ನನ್ನ ಟ್ಯಾಬ್ಲೆಟ್ ಮುಂದೆ. ಪರದೆಯ ಮೇಲೊಂದು ‘ಅ’. ದುಂಡಗೆ, ಹಳೇ ಬೋರ್ಡುಗಳಲ್ಲಿದ್ದ ಹಾಗೆಯೇ.

“ನೋಡೇ, ಕೈ ಸರಿಹೋಯ್ತು ಕಣೇ! ಹೊಸ ಮಾತ್ರೆ ಕೆಲಸ ಮಾಡಿದೆ!”

ಸ್ಟೆಬಿಲೈಸರ್ ಇಳಿಸಲು ಮರೆತಿದ್ದೆ. ಪೆನ್ ಹಿಡಿದ ಕೈ ನಡುಗುತ್ತಲೇ ಇತ್ತು. ಅವನು ಪರದೆಯನ್ನಷ್ಟೇ ನೋಡುತ್ತಿದ್ದ. ಹೇಳಬೇಕಿತ್ತು. ಆ ಮುಖ ನೋಡಿ ಬಾಯಿ ಬರಲಿಲ್ಲ.

ಮಾರ್ಚ್ 13

ಅಪ್ಪ ಹಳೇ ಗೆಳೆಯನಿಗೆ ಫೋನ್ ಮಾಡಿ ಶಾಲೆ ಗೋಡೆ ಬರೆಯುವ ಕೆಲಸ ಒಪ್ಪಿಕೊಂಡಿದ್ದಾನೆ! ಏಣಿ ಮೇಲೆ, ಅಷ್ಟು ಮಕ್ಕಳ ಮುಂದೆ! ಸಾಹೇಬನಿಗೆ ಬೈದು ಬೈದು ಸಾಕಾಯಿತು. ಅಪ್ಪನಿಂದ ನಿಜ ಮುಚ್ಚಿಟ್ಟವಳು ನಾನು. ಸಾಹೇಬ ನಡುಕ ಮುಚ್ಚಿದ, ನಾನೂ ಅದನ್ನೇ ಮಾಡಿದೆ. ಕತ್ತೆ.

ಮಾರ್ಚ್ 14, ಬೆಳಿಗ್ಗೆ 8

ಅಪ್ಪ ಬ್ರಷ್ ತೊಳೆದಿಟ್ಟು ರೆಡಿ. ನಾನು ಸ್ಟೆಬಿಲೈಸರನ್ನು ಸೊನ್ನೆಗೆ ಇಳಿಸಿ ಪೆನ್ ಕೊಟ್ಟೆ. “ಹೋಗೋ ಮುಂಚೆ ಒಂದ್ಸಲ ಬರಿ ಅಪ್ಪ.”

ನಗುತ್ತಾ ಶುರು ಮಾಡಿದ. ಅರ್ಧ ‘ಅ’ ಆಗುವಷ್ಟರಲ್ಲಿ ಗೆರೆ ಅಂಕುಡೊಂಕು. ನಿಲ್ಲಿಸಿದ. ಕೈ ನೋಡಿಕೊಂಡ.

“ಅವತ್ತು ಬರೆದಿದ್ದು?”

“ಸಾಫ್ಟ್‌ವೇರ್ ತಿದ್ದಿತ್ತು.”

“ಗೊತ್ತಿದ್ದೂ ಸುಮ್ನಿದ್ಯಾ?”

ಹೂಂ ಅಂದೆ. ಪೆನ್ ಎಸೆದು ಒಳಗೆ ಹೋದ. ಬಾಗಿಲು ದಢಾರ್. ಅತ್ತುಬಿಟ್ಟೆ.

8.40

ಹಿತ್ತಿಲಲ್ಲಿ ಏಣಿ ಎಳೆಯುವ ಸದ್ದು. ಕೂಗುತ್ತಿದ್ದಾನೆ — “ನಡುಗಿದ್ರೆ ನಡುಗ್ಲಿ, ಮಾತು ಕೊಟ್ಟಾಗಿದೆ! ನಿನಗೆ ಆಮೇಲೆ ಇದೆ. ಮೊದ್ಲು ಬಂದು ಏಣಿ ಹಿಡಿ!”

ಮೊಬೈಲ್ ಬ್ಯಾಗಿಗೆ ಹಾಕಿಕೊಂಡೆ. ಈ ಸಲ ಅಪ್ಪನನ್ನು ಕೇಳಿಯೇ ವಿಡಿಯೊ ತೆಗೆಯುತ್ತೇನೆ.