ದೊರೆ ತೋಟದಲ್ಲಿ ನಿಮ್ಮ ಮಾತು

ಗುತ್ತಲು, ಮಂಡ್ಯ
೧೧ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಅತ್ತೆಯವರಿಗೆ ಕವಿತಳ ನಮಸ್ಕಾರಗಳು.

ಕಣ್ಣು ಹೇಗಿದೆ? ಪೊರೆ ತೆಗೆದ ಮೇಲೆ ಒಲೆಯ ಮುಂದೆ ಕೂರಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಹಾಸನದ ಚಿಕ್ಕ ಮಗನ ಮನೆಯಲ್ಲಾದರೂ ಪಾಲಿಸುತ್ತಿದ್ದೀರಾ? ನಯನಾ, ಇದನ್ನು ಓದಿ ಹೇಳುತ್ತಿರುವವಳು ನೀನೇ ಅಲ್ಲವೇ, ಅತ್ತೆಗೆ ಔಷಧಿಯ ಹನಿಯನ್ನೂ ನೀನೇ ಬಿಡು. "ಆಕ್ಕೊಂಡೆ" ಅಂದರೆ ನಂಬಬೇಡ. ಇಲ್ಲಿ ನಾವು ಚೆನ್ನಾಗಿದ್ದೇವೆ. ಫ್ಯಾಕ್ಟರಿಯಲ್ಲಿ ಕಬ್ಬು ಅರೆಯುವ ಕಾಲ, ನಿಮ್ಮ ಮಗ ಭಾರತೀನಗರದಿಂದ ಬಂದರೆ ಅಂಗಿಯೆಲ್ಲ ಕಾಕಂಬಿ ವಾಸನೆ.

ಫೋನಿನಲ್ಲಿ ಹೇಳೋಣವೆಂದರೆ, ದೊರೆ ತೋಟದ ಹೆಸರು ಬಂದ ಕೂಡಲೇ ನೀವು ಫೋನನ್ನು ನಯನಳ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಮುನಿಸಿಕೊಂಡು ಹಾಸನಕ್ಕೆ ಹೊರಟ ದಿನ ನೀವು ಅಂದದ್ದು ನನಗೆ ನೆನಪಿದೆ: "ಕಂಡೋರ ಗೋರಿ ಸುತ್ತೋದ ಬುಟ್ಟಾಗ ಏಳು, ಬತ್ತೀನಿ." ಜನ ದೊರೆ ತೋಟ ಎಂದು ಕರೆಯುವ, ಮಳವಳ್ಳಿ ಕಡೆಯ ಆ ಹಳೆಯ ಇಂಗ್ಲಿಷರ ಸ್ಮಶಾನದಲ್ಲಿ ನಾನು ಸಂಬಳವೂ ಇಲ್ಲದೆ ಜನರನ್ನು ಸುತ್ತಾಡಿಸಿ ಒಂದೊಂದು ಕಲ್ಲಿನ ಕಥೆ ಹೇಳುವುದು ನಿಮಗೆ ಹುಚ್ಚಾಟ. ಸತ್ತವರ ಸೋಕು ಮನೆಗೆ ಬರುತ್ತದೆಂಬ ಭಯ ಬೇರೆ. ನೀವಿಲ್ಲದಿದ್ದರೂ ಪ್ರತಿ ಭಾನುವಾರ ಹಿತ್ತಿಲ ಬಚ್ಚಲಲ್ಲಿ ಸ್ನಾನ ಮುಗಿಸಿಯೇ ಒಳಗೆ ಬರುತ್ತಿದ್ದೇನೆ. ಇದು ನಂಬಿಕೆಯೋ, ನಿಮ್ಮ ಹೆದರಿಕೆಯೋ, ನೀವೇ ಹೇಳಿ. ಬಿಸಿನೀರಂತೂ ಹಿತವಾಗಿರುತ್ತದೆ.

ಅದು ನೀವು ಅಂದುಕೊಂಡಷ್ಟು ಭಯದ ಜಾಗವಲ್ಲ ಅತ್ತೆ. ಆ ಕಾಲದವರು ಸ್ಮಶಾನವನ್ನೂ ತೋಟದ ಹಾಗೆ ಮಾಡಿದ್ದಾರೆ. ಬಳುಕಿ ಹೋಗುವ ಕಾಲುದಾರಿ, ಅದರುದ್ದಕ್ಕೂ ದೇವಕಣಗಿಲೆ, ಅಲ್ಲಲ್ಲಿ ಕೂರಲು ಕಲ್ಲುಬೆಂಚು. ಮೆಕ್ಯಾನಿಕ್ ವಾಜಿದ್ ಅಂಗಡಿ ತೆರೆಯುವ ಮುಂಚೆ ಬಂದು ಲಂಟಾನ ಕಡಿದು ದಾರಿ ಬಿಡಿಸುತ್ತಾರೆ. ಇದನ್ನೆಲ್ಲ ಶುರುಮಾಡಿದವರು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಕಹಕಶಾನ್ ಮೇಡಂ. ಇದುವರೆಗೆ ಬರುತ್ತಿದ್ದವರು ಮೈಸೂರಿನವರು, ಕ್ಯಾಮೆರಾ ತೂಗುಹಾಕಿಕೊಂಡವರು. ನಾನು ಇಂಗ್ಲಿಷಿನಲ್ಲೇ ಹೇಳುತ್ತಿದ್ದೆ. ನಿನ್ನೆ ಮೊದಲ ಸಲ ಪಕ್ಕದ ಹಳ್ಳಿಯವರನ್ನು ಕರೆದಿದ್ದೆವು. ಕಾನ್ವೆಂಟಿನಲ್ಲಿ ಓದಿದವಳು ನಾನು, ವಾರವೆಲ್ಲ ಕನ್ನಡದ ಮಾತು ಹೊಂದಿಸಿಕೊಂಡು ಹೋಗಿದ್ದೆ.

ಈಡಿತ್ ಎಂಬ ಪುಟ್ಟ ಮಗುವಿನ ಕಲ್ಲಿನ ಮುಂದೆ ಎಡವಿದೆ. ಸತ್ತಳು ಎಂದು ಆ ಕಲ್ಲಿನ ಮೇಲೆ ಬರೆದಿಲ್ಲ. ಅವರ ರೂಢಿಯಂತೆ "ನಿದ್ದೆ ಹೋದಳು" ಎಂದು ಕೆತ್ತಿದ್ದಾರೆ. ನಾನು ಅದನ್ನೇ ಕನ್ನಡದಲ್ಲಿ ಓದಿಬಿಟ್ಟೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದೆ ನಿಂತಿದ್ದ ಚಿಕ್ಕಬೋರಮ್ಮ ಎಂಬ ಅಜ್ಜಿ, ನಿಮ್ಮದೇ ವಯಸ್ಸು, ನಿಮ್ಮದೇ ಗಂಟಲು, ಕೇಳಿದರು: "ಅಲ್ಲ ಕಣವ್ವ, ಮನಗಿದ್ ಮಗೀನ ಎಬ್ಬುಸ್ದೆ ಮಣ್ಣು ಮಾಡ್ಬುಟ್ರಾ?" ಅವರ ಗಂಡ ಬೋರಯ್ಯ, "ಏನ್ ಅರ್ಜೆಂಟಿತ್ತೋ ಕಣಮ್ಮಿ" ಎಂದು ಸೇರಿಸಿದರು. ಎಲ್ಲರಿಗೂ ನಗು. ನಾನು ತಿದ್ದಿಕೊಂಡು "ನಿಧನಳಾದಳು" ಅಂದೆ. ಅದು ಪೇಪರಿನಲ್ಲಿ ದೊಡ್ಡವರಿಗೆ ಹಾಕುವ ಮಾತು ಎಂದುಬಿಟ್ಟರು ಅಜ್ಜಿ. ಆಗ ಬಾಯಿಗೆ ತಾನಾಗಿ ಬಂತು: "ಮಗು ಉಳೀಲಿಲ್ಲ."

ಅದು ನಿಮ್ಮ ಮಾತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ನಿಮ್ಮ ಮಗನಿಗಿಂತ ಮೊದಲು ಒಂದು ಹೆಣ್ಣು ಹುಟ್ಟಿತ್ತು, ಉಳೀಲಿಲ್ಲ ಎಂದಷ್ಟೇ ಹೇಳಿ ರಾಗಿಹಿಟ್ಟು ಜರಡಿ ಹಿಡಿಯತೊಡಗಿದ್ದಿರಿ. ಆ ಮಾತು ಇಷ್ಟು ವರ್ಷ ನನ್ನೊಳಗೆ ಇತ್ತೆಂದು ನಿನ್ನೆಯವರೆಗೆ ನನಗೇ ತಿಳಿದಿರಲಿಲ್ಲ.

"ಅಂಗನ್ನು ಮತ್ತೆ" ಎಂದು ಚಿಕ್ಕಬೋರಮ್ಮ ಅಲ್ಲೇ ಕಟ್ಟೆಯ ಮೇಲೆ ಕೂತರು. "ನಂದೂ ಒಂದು ಉಳೀಲಿಲ್ಲ" ಅಂದರು. ಬೋರಯ್ಯ ತಲೆಯ ಟವಲ್ಲು ತೆಗೆದು ಪಕ್ಕದಲ್ಲಿ ಕೂತರು. ಇನ್ನೊಬ್ಬಾಕೆ ತನ್ನ ಅಕ್ಕನ ಮಗುವಿನ ಕಥೆ ತೆಗೆದಳು. ನಡಿಗೆ ಅಲ್ಲಿಗೇ ನಿಂತಿತು. ದೊಡ್ಡ ದೊಡ್ಡ ಸಾಹೇಬರ ಗೋರಿ ಒಂದನ್ನೂ ಯಾರೂ ನೋಡಲಿಲ್ಲ. ಹೊರಡುವಾಗ ಅಜ್ಜಿ, ಈ ಮಗುವಿಗೆ ಹಿರಿಯರ ಹಬ್ಬದಲ್ಲಿ ಎಡೆ ಯಾರು ಇಡುತ್ತಾರೆಂದು ವಿಚಾರಿಸಿ, ಯಾರೂ ಇಲ್ಲವೆಂದು ತಿಳಿದು, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದು ಹೋದರು. ಕಹಕಶಾನ್ ಮೇಡಂ ಅವರನ್ನೂ ಬಿಡಲಿಲ್ಲ.

ನಿನ್ನೆಯಿಂದ ಮನಸ್ಸು ತುಂಬಿಕೊಂಡಿದೆ. ಆದರೂ ಒಂದು ಯೋಚನೆ. ನಿಮ್ಮ ಮನೆಯೊಳಗಿನ ನೋವಿನ ಮಾತನ್ನು ನಿಮ್ಮನ್ನು ಕೇಳದೆ ಹೊರಗಿನವರ ಮುಂದೆ ಆಡಿದ್ದು ಸರಿಯೇ? ಯಾರ ಮಾತೆಂದು ನಾನು ಹೇಳಲಿಲ್ಲ. ಇನ್ನು ಮುಂದೆ ಆಡಬೇಡ ಅಂದರೆ ಆಡುವುದಿಲ್ಲ. ಆದರೆ ಅದರ ಬದಲಿಗೆ ಇನ್ನೊಂದು ಮಾತನ್ನು ನೀವೇ ಕೊಡಬೇಕು.

ನಯನಳಿಗೂ ಮೈದುನನಿಗೂ ನೆನಪುಗಳು, ಮಕ್ಕಳಿಗೆ ಮುತ್ತು. ನಿಮ್ಮ ಕಾಲಿಗೆ ಇಲ್ಲಿಂದಲೇ ಎರಗುತ್ತೇನೆ.

ನಿಮ್ಮ ಸೊಸೆ,
ಕವಿತ

ತಾ.ಕ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಯನಾ, ಕಾಗದವನ್ನು ಗಟ್ಟಿಯಾಗಿ ಹಿಡಿದುಕೊಂಡು ಓದು. ಅತ್ತೆ, ಭಾನುವಾರದ ನಡಿಗೆಯನ್ನು ನಾನು ಬಿಡುವುದಿಲ್ಲ. ಅಮಾವಾಸ್ಯೆ ಬಿದ್ದ ಭಾನುವಾರ ಬೇಕಾದರೆ ಮನೆಯಲ್ಲಿರುತ್ತೇನೆ, ಅಷ್ಟೇ. ಶನಿವಾರ ನಿಮ್ಮ ಮಗನಿಗೆ ರಜೆ ಸಿಕ್ಕಿದೆ, ಕಾರು ತರುತ್ತಾರೆ, ಬಟ್ಟೆ ಜೋಡಿಸಿಕೊಂಡಿರಿ. ಕೋಪ ಬಿಟ್ಟು ಬರಬೇಕೆಂದೇನೂ ಇಲ್ಲ. ಬಂದು ಇಲ್ಲೇ ಬೈಯಿರಿ.